ಮರಳಿ ಬಂದ ಪೆಟ್ಟಿಗೆ

ಡಲ್ಲಾಸ್ ಪಕ್ಕದ ಕಾಪೆಲ್‌ಗೆ ಬಂದ ಮೊದಲ ವಾರ ನಾನು ಗಾಬರಿಯಾದದ್ದು ಒಂದು ಟೀವಿಯನ್ನು ನೋಡಿ. ಪಕ್ಕದ ಮನೆಯವರು ಅದನ್ನು ಕಸದ ಡಬ್ಬಿಯ ಜೊತೆ ರಸ್ತೆ ಬದಿಗೆ ಕೂರಿಸಿದ್ದರು. ಮೈಮೇಲೆ ಒಂದು ಗೀರೂ ಇಲ್ಲ. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಟೀವಿಗೆ ಕಸೂತಿಯ ಹೊದಿಕೆ ಇತ್ತು. ಅಳಿಯಂದಿರಿಗೂ ಅಷ್ಟು ಉಪಚಾರ ಇರಲಿಲ್ಲ.

"ಯಾರೋ ಮರತು ಹೋಗ್ಯಾರ ನೋಡ್ರಿ," ಎಂದೆ ಗಂಡನಿಗೆ.

"ಮರತಿಲ್ಲ, ಒಗದಾರ," ಎಂದು ಅವರು ನಕ್ಕರು.

ಹೀಗೆ ಸಾಮಾನು ಒಗೆಯುವುದನ್ನು ನಾನು ಇಂಗ್ಲಿಷಿಗಿಂತ, ಡ್ರೈವಿಂಗಿಗಿಂತ ಬೇಗ ಕಲಿತೆ. ಕರೆಂಟಿನ ಒಲೆಯ ಮೇಲೆ ಜೋಳದ ರೊಟ್ಟಿ ಉಬ್ಬಿಸಲು ಮಾತ್ರ ಒಂದು ಚಳಿಗಾಲವೇ ಬೇಕಾಯಿತು. ಉಬ್ಬಿದ ದಿನ ಒಬ್ಬಳೇ ಅಡುಗೆಮನೆಯಲ್ಲಿ ಚಪ್ಪಾಳೆ ತಟ್ಟಿಕೊಂಡೆ. ನೋಡಲು ಯಾರೂ ಇರಲಿಲ್ಲ. ಹುಬ್ಬಳ್ಳಿಯ ಓಣಿಯಲ್ಲಿ ಮಧ್ಯಾಹ್ನ ಕಟ್ಟೆಯ ಮೇಲೆ ಹತ್ತು ಹೆಂಗಸರಿರುತ್ತಾರೆ, ಇಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಮನುಷ್ಯರ ಮುಖ ಕಾಣಲು ಅಂಗಡಿಗೆ ಹೋಗಬೇಕು, ಹೋದವಳು ಬರಿಗೈಯಲ್ಲಿ ಬರುವುದಿಲ್ಲ. ಹೀಗೆ ಮನೆಗೆ ಹೊಸದು ಬರುತ್ತಲೇ ಇತ್ತು, ಹಳೆಯದು ಗ್ಯಾರೇಜಿನಲ್ಲಿ ಬೀಳುತ್ತಲೇ ಇತ್ತು.

ಆದರೆ ಅದನ್ನು ಬೀದಿಗೆ ಇಡಲು ಮನಸ್ಸು ಒಪ್ಪಲಿಲ್ಲ. ಅದಕ್ಕೆ ನಮ್ಮವರದೇ ಒಂದು ಉಪಾಯವಿದೆ, ಊರಿಗೆ ಹೊರಟವರ ಪೆಟ್ಟಿಗೆಯಲ್ಲಿ ಕೊಟ್ಟು ಕಳಿಸುವುದು. ಡಲ್ಲಾಸಿನಿಂದ ಯಾರೂ ಸಿಗದಿದ್ದರೆ ಹ್ಯೂಸ್ಟನ್ನಿನವರನ್ನು ಹಿಡಿಯುತ್ತಿದ್ದೆ. ಹಳೆಯ ಫೋನುಗಳು, ಟ್ಯಾಬ್ಲೆಟ್ಟು, ಚಾರ್ಜರಿನ ಗಂಟು ಎಲ್ಲ ಹುಬ್ಬಳ್ಳಿಯ ತಂಗಿ ಸುಮಾಳ ಮನೆಗೆ ಹೋದವು. ಇಲ್ಲಿನ ಕರೆಂಟಿಗೆ ಮಾಡಿದ ಕಾಫಿ ಮಷೀನು ಅಲ್ಲಿ ನಡೆಯುವುದಿಲ್ಲ ಎಂದು ಗೊತ್ತಿದ್ದೂ ಅದನ್ನೂ ಕಳಿಸಿದೆ. "ಭಾಳ ಛಲೋ ಐತಿ, ಅಕ್ಕಾ," ಎಂದು ಸುಮಾ ಪ್ರತಿ ಸಲವೂ ಹೇಳಿದಳು. ನಾನು ಕರ್ಣನ ವಂಶದವಳಂತೆ ಬೀಗಿದೆ. ಮೇಲೆ ಉಪದೇಶ ಬೇರೆ: "ನಿಮ್ಮಲ್ಲೆ ಎಲ್ಲಿ ಬೇಕಾದಲ್ಲೆ ಕಸಾ ಒಗೀತೀರಿ. ನಮ್ಮಲ್ಲೆ ಇಂಥಾ ಸಾಮಾನಿಗೆ ಬ್ಯಾರೆ ಜಾಗಾನ ಮಾಡ್ಯಾರ."

ಈ ಆಗಸ್ಟಿನಲ್ಲಿ ಸುಮಾಳ ಮಗಳು ಪಲ್ಲವಿ ಓದಲೆಂದು ಡಲ್ಲಾಸಿಗೆ ಬಂದು ನಮ್ಮ ಮನೆಯಲ್ಲಿ ಇಳಿದುಕೊಂಡಳು. ಒಂದು ಪೆಟ್ಟಿಗೆಯಿಂದ ಶೇಂಗಾ ಚಟ್ನಿ, ಕಡಕ್ ರೊಟ್ಟಿ ಹೊರಬಂದವು. ಇನ್ನೊಂದನ್ನು ತೆರೆದರೆ ನನ್ನ ಕಾಫಿ ಮಷೀನು. ಅದರ ಸುತ್ತ ನಾನು ಕಳಿಸಿದ್ದ ಚಾರ್ಜರು, ವೈರುಗಳನ್ನೆಲ್ಲ ಹಳೆಯ ಸೀರೆಯ ತುಂಡಿನಲ್ಲಿ ಒಪ್ಪವಾಗಿ ಸುತ್ತಿಟ್ಟಿತ್ತು.

"ಇದನ್ಯಾಕ ತಂದೀ?"

"ಅವ್ವ ಕೊಟ್ಟು ಕಳಿಸ್ಯಾಳ್ರಿ, ದೊಡ್ಡವ್ವಾ. ಯಾವುದೂ ಚಾಲೂ ಆಗಲಿಲ್ಲ. ಮದಲ ಗುಜರಿಯವಗ ಕೊಡ್ತಿದ್ವಿ. ಅವ ನಮ್ಮ ಹಿತ್ತಲ ಹಿಂದಿನ ನಾಲಾದಾಗ ವೈರ್ ಸುಟ್ಟು ತಾಮ್ರ ತಗೀತಿದ್ದ. ಆ ಹೊಗಿಗೆ ಅವ್ವಗ ಕೆಮ್ಮು ಹತ್ತಿತ್ರಿ. ಆಮ್ಯಾಲೆ ಬಂದಿದ್ದನ್ನೆಲ್ಲಾ ಅಟ್ಟದ ಮ್ಯಾಲೆ ಇಟ್ಲು. ನಿಮ್ಮಲ್ಲೆ ಇದಕ್ಕ ಬ್ಯಾರೆ ಜಾಗಾ ಐತೆಲ್ರಿ?"

ಹುಡುಗಿಯ ಮಾತಿನಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ಬೈದು ಹಗುರಾಗುತ್ತಿದ್ದೆ. ಆ ಕೆಮ್ಮನ್ನು ನಾನು ಫೋನಿನಲ್ಲಿ ಎಷ್ಟು ಸಲ ಕೇಳಿದ್ದೆ! "ನಿಮ್ಮ ಹುಬ್ಬಳ್ಳಿ ಧೂಳು" ಎಂದು ಊರನ್ನೇ ಬೈದು, ಶುಂಠಿ ಕಷಾಯ ಕುಡಿ ಎಂದಿದ್ದೆ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಎದುರುಮನೆಯ ಮನಿಲಾದಾಕೆ, ಹಿಂದಿನ ಬೀದಿಯ ಢಾಕಾದಾಕೆ ಕೂಡ ಇಂಥದೇ ಪೆಟ್ಟಿಗೆ ತುಂಬುವುದನ್ನು ಕಂಡಿದ್ದೇನೆ. ಪ್ರೀತಿಯ ಹೆಸರಿನಲ್ಲಿ ಏಷ್ಯಾದ ಎಷ್ಟು ಓಣಿಗಳಿಗೆ ನಾವು ಹೊಗೆ ಕಳಿಸಿದ್ದೇವೋ.

ಸುಮಾಳಿಗೆ ಫೋನ್ ಮಾಡಿದೆ. "ಯಾಕ ಹೇಳಲಿಲ್ಲ ನೀ?"

"ಅಷ್ಟು ಪ್ರೀತಿಲೆ ಕಳಿಸ್ತಿದ್ದಿ, ಹೆಂಗ ಹೇಳ್ಲಿ?" ಎಂದಳು. ಕೆಮ್ಮು ಬಂತು, ಫೋನನ್ನು ದೂರ ಹಿಡಿದಳು. "ಇನ್ನ ಮ್ಯಾಲೆ ಏನೂ ಕಳಿಸಬ್ಯಾಡ, ಅಕ್ಕಾ. ನೀ ಒಬ್ಬಾಕಿ ಬಾ, ಸಾಕು."

ತಪ್ಪಾಯಿತು ಎನ್ನಬೇಕಿತ್ತು. ನನ್ನಿಂದ ಬರೀ ಅಳು ಬಂತು.

ಶನಿವಾರ ಪಲ್ಲವಿಯನ್ನು ಕೂರಿಸಿಕೊಂಡು ಕೆಟ್ಟ ಕರೆಂಟು ಸಾಮಾನು ಒಪ್ಪಿಸುವ ಆ 'ಬೇರೆ ಜಾಗ'ಕ್ಕೆ ಹೋದೆ. ಅಷ್ಟು ವರ್ಷ ಹೊಗಳಿದ್ದರೂ ಅಲ್ಲಿಗೆ ಹೋದದ್ದು ಅದೇ ಮೊದಲು. ಕಾರುಗಳ ಸಾಲಿನ ತುದಿಯಲ್ಲಿ ನಿಂತಿದ್ದ ಅಲ್ಲಿನ ಕೆಲಸದವನು ಡಿಕ್ಕಿಯೊಳಗೆ ಇಣುಕಿದ. ಈ ಊರಿನವರ ಮನೆ ಸಾಮಾನು ಮಾತ್ರ ತೆಗೆದುಕೊಳ್ಳುವುದು ಎಂದು ತಿಳಿಸಿ, "ಇದೆಲ್ಲ ನಿಮ್ಮ ಮನೆಯದೇ ತಾನೇ?" ಎಂದು ಕೇಳಿದ.

ಪಲ್ಲವಿ ನನ್ನ ಮುಖ ನೋಡಿದಳು. ಕಾಫಿ ಮಷೀನಿನ ಮೇಲೆ ಸುಮಾಳ ಅಟ್ಟದ ಧೂಳು ಇನ್ನೂ ಹಾಗೇ ಕೂತಿತ್ತು.

"ಹೌದು, ನಮ್ಮ ಮನೆಯದೇ," ಎಂದೆ.

ಯಾವ ಮನೆ ಎಂದು ಅವನು ಕೇಳಲಿಲ್ಲ.