ಹಿಮಕರಡಿಯ ಕಾಗದದ ಮೈ

ಹುಲಿ ಚಿರತೆಗಳ ತೊಗಲಿಗೆ ಮತ್ತೆ ಜೀವಕಳೆ ತರುವ ಮೈಸೂರಿನ ಕಾರ್ಖಾನೆಯೊಂದರಲ್ಲಿ ಶೌಕತ್ ಹದಿನೆಂಟು ವರ್ಷ ಕೈ ಪಳಗಿಸಿಕೊಂಡವನು. ಹಳೇ ಪೇಪರು, ಅಂಟು, ಹತ್ತು ಬೆರಳು. ಇಷ್ಟರಲ್ಲೇ ಪ್ರಾಣಿಯ ಮೈಕಟ್ಟು ಎದ್ದುಬರಬೇಕು, ಆಮೇಲೆ ತೊಗಲು ಹೊದಿಸಬೇಕು. ಬೇಟೆ ನಿಂತಮೇಲೆ ಕಾರ್ಖಾನೆಯೂ ಬಾಗಿಲು ಹಾಕಿತು. ಅವನು ಹೆಂಡತಿ ಗುಲ್‌ಶನ್‌ಳನ್ನೂ ಮಗಳು ಹಾದಿಯಾಳನ್ನೂ ಕರೆದುಕೊಂಡು ಅಮೆರಿಕಕ್ಕೆ ಬಂದು, ಕಾರು ತಯಾರಿಸುವ ಡೆಟ್ರಾಯಿಟ್ ಪಕ್ಕದ ವಿಕ್ಸಮ್‌ನಲ್ಲಿ ಅಂಥದೇ ಅಂಗಡಿ ಸೇರಿದ. ಇಲ್ಲಿ ಜಿಂಕೆಯ ಮೈ ಫೋಮಿನಲ್ಲಿ ಅಚ್ಚಾಗಿ ಪೆಟ್ಟಿಗೆಯಲ್ಲಿ ಬರುತ್ತಿತ್ತು. ಒಂಬತ್ತು ವರ್ಷ ತೊಗಲು ಎಳೆದು ಹೊಲಿದದ್ದಷ್ಟೇ ಬಂತು.

ಎರಡು ಸಾವಿರದ ಎಂಟರ ವಸಂತದಲ್ಲಿ ಗಿರಾಕಿಯೊಬ್ಬ ಕೆನಡಾದ ಉತ್ತರಕ್ಕೆ ಹೋಗಿ ಹಿಮಕರಡಿ ಹೊಡೆದ. ಅದು ಕತ್ತು ತಿರುಗಿಸಿ ಹಿಂದೆ ನೋಡುವಂತಿರಬೇಕು ಎಂದ. ಆ ಭಂಗಿಯ ಅಚ್ಚು ಎಲ್ಲೂ ಸಿಗಲಿಲ್ಲ. ಮಾಲೀಕ ಬಂದು, ನಿನ್ನ ಊರಿನ ರೀತಿಯಲ್ಲೇ ಕಟ್ಟು ಎಂದ. ಶೌಕತ್ ಆರು ಭಾನುವಾರ ಡೆಟ್ರಾಯಿಟ್‌ನ ಮೃಗಾಲಯದಲ್ಲಿ ನಿಂತು ಕರಡಿಯ ಹೆಗಲನ್ನೇ ನೋಡಿದ. ಈ ದೇಶದಲ್ಲಿ ತನ್ನ ಕೈ ಏನೆಂದು ತೋರಿಸಲು ಇದೊಂದೇ ಬಾಗಿಲು ಎಂದು ಅವನಿಗೆ ಗೊತ್ತಿತ್ತು.

ಮೈ ಮುಗಿದಿತ್ತು, ತೊಗಲು ಇನ್ನೂ ಗಡಿಯಾಚೆ ಇತ್ತು. ಮೇ ತಿಂಗಳಲ್ಲಿ ಅಮೆರಿಕದ ಸರ್ಕಾರ ಹಿಮಕರಡಿಯನ್ನು ಅಪಾಯದಲ್ಲಿರುವ ಪ್ರಾಣಿ ಎಂದು ಸಾರಿತು. ಇನ್ನು ತೊಗಲು ಒಳಗೆ ಬರುವಂತಿರಲಿಲ್ಲ. ಮಾಲೀಕ, ಕರಡಿಯನ್ನು ಉಳಿಸಿ ಎಂದು ಸರ್ಕಾರಕ್ಕೆ ಹೋಗಿದ್ದ ಅರ್ಜಿಗೆ ಸಹಿ ಹಾಕಿದವರನ್ನೆಲ್ಲ ಬಾಯಿಗೆ ಬಂದಂತೆ ಬೈದ. ಕರಡಿ ಬೇಟೆಯ ದುಡ್ಡಿನಲ್ಲೇ ಕೆನಡಾದ ಉತ್ತರದ ಹಳ್ಳಿಗಳ ಒಲೆ ಉರಿಯುತ್ತದೆ, ಎಷ್ಟು ಹೊಡೆಯಬೇಕೆಂಬ ಲೆಕ್ಕವೂ ಆ ಹಳ್ಳಿಯವರದೇ, ಇವರಿಗೇನು ಗೊತ್ತು ಎಂದ. ಶೌಕತ್ ತಲೆ ತಗ್ಗಿಸಿ ಬ್ರಷ್ ತೊಳೆಯುತ್ತಿದ್ದ. ಹೋದ ವರ್ಷ ಜುಮ್ಮಾ ನಮಾಜಿನ ನಂತರ ಮಸೀದಿಯ ಪಾರ್ಕಿಂಗ್‌ನಲ್ಲಿ ಹಾದಿಯಾ ಅದೇ ಅರ್ಜಿ ಹಿಡಿದು ನಿಂತಿದ್ದಳು. ಯಾರೂ ಹತ್ತಿರ ಬಂದಿರಲಿಲ್ಲ. ಗೆಳತಿಯರೆದುರು ಮಗಳ ಮುಖ ಸಣ್ಣದಾಗಬಾರದೆಂದು ಮೊದಲ ಸಹಿ ಅವನೇ ಹಾಕಿದ್ದ. ಅವನನ್ನು ನೋಡಿ ಉಳಿದವರೂ ಸಾಲು ನಿಂತಿದ್ದರು.

ಕರಡಿ ನಿಂತಿರುವ ಜಾಗ ಖಾಲಿ ಮಾಡು ಎಂದ ಮಾಲೀಕ. ಬೇರೆಯವರ ಕೈಗೆ ಕೊಡಲು ಮನಸ್ಸಾಗದೆ ಶೌಕತ್ ತಾನೇ ಗರಗಸ ಹಿಡಿದು ಕಾಗದದ ಕರಡಿಯನ್ನು ತುಂಡು ಮಾಡಿದ. ಅವನನ್ನು ಕರೆದೊಯ್ಯಲು ಬಂದಿದ್ದ ಹಾದಿಯಾ ಬಾಗಿಲಲ್ಲೇ ನಿಂತಳು.

“ಐಯಾಮ್ ಸಾರಿ, ಅಬ್ಬಾ. ಬಟ್ ಕರಡಿ ಉಳೀತಲ್ವಾ?”

“ಯಾವ್ದಮ್ಮ ಉಳಿದಿದ್ದು? ನನ್ನ ಪಾಲಿನ್ದು ಕಾನೂನು ಬರೋ ಮೊದ್ಲೇ ಸತ್ತಿತ್ತು. ಕರಡಿ ಕಾಲಡಿ ಮಂಜು ಕರಗಿಸೋರು ನಾವು, ಈ ಊರಿನ ಕಾರು ಓಡಿಸ್ಕೊಂಡು. ಅದಕ್ಕೊಂದು ಅರ್ಜಿ ತಗೊಂಬಾ, ಆಗ ನೋಡೋಣ ಯಾರು ಸಹಿ ಹಾಕ್ತಾರೆ ಅಂತ.”

ಹಾದಿಯಾ ಒಳಗೆ ಬಂದಳು. ಬಗ್ಗಿ ಒಂದು ತುಂಡನ್ನು ಎತ್ತಿಕೊಂಡಳು. “ಬಿಡು, ಬಟ್ಟೆಗೆ ಅಂಟಾಗುತ್ತೆ,” ಎಂದು ಶೌಕತ್ ಅದನ್ನು ಅವಳ ಕೈಯಿಂದ ಕಸಿದು ಕಸದ ಡಬ್ಬಕ್ಕೆ ಎಸೆದ.