ಕೋಟಿನ ಕೋಣೆಯಲ್ಲಿ ಹೇಳಬಾರದ ಹೆಸರು

ಬೆಳಗಿನ ಆರೂಕಾಲು. ಬೆಟ್ಟದ ನೆತ್ತಿಗೆ ಮಾತ್ರ ಬಿಸಿಲು ತಾಗಿದೆ. ಶಾಲೆಯ ಅಂಗಳದಲ್ಲಿ ಇನ್ನೂ ಬಾಯಿ ತೆರೆದರೆ ಹೊಗೆ ಕಾಣುವಷ್ಟು ಚಳಿ. ಜೂರಾಕಾನ್ ದೊಡ್ಡ ಬಾಗಿಲ ಬೀಗ ತೆಗೆದು ಒಳಗೆ ಬರುತ್ತಾರೆ, ತಮ್ಮ ಕೋಟನ್ನು ಒಂದನೇ ನಂಬರಿನ ಗೂಟಕ್ಕೆ ಸಿಕ್ಕಿಸುತ್ತಾರೆ, ಒದ್ದೆ ಬಟ್ಟೆ ಹಿಡಿದು ಎರಡನೇ ನಂಬರಿನಿಂದ ಒರೆಸಲು ಶುರು ಮಾಡುತ್ತಾರೆ. ಮುನ್ನೂರ ಅರವತ್ತು ಗೂಟ, ಅಷ್ಟೇ ತಗಡಿನ ಬಿಲ್ಲೆ. ಕೊನೆಯ ಗೂಟ ಮುಟ್ಟುವ ಹೊತ್ತಿಗೆ ಬಾಗಿಲಲ್ಲಿ ಮಕ್ಕಳ ಗದ್ದಲ ಕೇಳಿಸುತ್ತದೆ.

"ಎಜೆ, ಎಂಟನೇ ಬಿ ಇವತ್ತು ಯಾವ ಕೋಣೆ?"

"ನಿನ್ನೆ ಹದಿನಾಲ್ಕು. ಇವತ್ತು ದೇವರಿಗೇ ಗೊತ್ತು. ಮೇಲೆ ಹೋಗಿ ನೋಡು, ಎಲ್ಲಿ ಗಲಾಟೆ ಜಾಸ್ತಿ ಇದೆಯೋ ಅದೇ ನಿಮ್ಮ ಕ್ಲಾಸು."

ಚಿಕ್ಕವರಿಗೂ ದೊಡ್ಡವರಿಗೂ ಅವರು ಎಜೆ, ಅಂದರೆ ಅಕ್ಕ. ಕೆಲಸ ಕೋಟು ಕಾಯುವುದು. ಜೊತೆಗೆ ಗಂಟೆ ಬಾರಿಸುವುದು, ಏಕೆಂದರೆ ಕರೆಂಟಿನ ಗಂಟೆ ಇಪ್ಪತ್ತು ವರ್ಷದ ಹಿಂದೆಯೇ ಗೊಟಕ್ ಎಂದಿದೆ. ದಿನಕ್ಕೆ ಇಪ್ಪತ್ತನಾಲ್ಕು ಸಲ ಹಿತ್ತಾಳೆಯ ಕೈಗಂಟೆ ಹಿಡಿದು ಉದ್ದದ ಪಡಸಾಲೆಯಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಾರೆ. ಐವತ್ತಮೂರರ ವಯಸ್ಸು, ಎಡ ಮೊಣಕಾಲು ಹಟ ಮಾಡುತ್ತದೆ. ಹತ್ತೊಂಬತ್ತು ವರ್ಷದಲ್ಲಿ ಗಂಟೆ ಒಂದು ನಿಮಿಷವೂ ತಡವಾಗಿರಲಿಲ್ಲ ಎನ್ನುತ್ತಾರೆ. ಈ ಸೆಪ್ಟೆಂಬರಿನಲ್ಲಿ ಒಂದು ದಿನ ತಡವಾಯಿತು, ಅದೂ ನಾಲ್ಕು ನಿಮಿಷ. ಆ ನಾಲ್ಕು ನಿಮಿಷದ ಸಂಗತಿಗೆ ಆಮೇಲೆ ಬರೋಣ.

ನರಿನ್ ಕಣಿವೆಯ ಈ ಶಾಲೆಯ ಹೆಸರು ಬರೆಯಬೇಡಿ ಎಂದು ಮುಖ್ಯೋಪಾಧ್ಯಾಯರು ಕೇಳಿಕೊಂಡಿದ್ದಾರೆ. ಪಾಪ, ಅವರದೂ ತಪ್ಪಿಲ್ಲ. ಸೆಪ್ಟೆಂಬರ್ ತಿಂಗಳಲ್ಲಿ ಯಾವ ಶಾಲೆ ನೆಟ್ಟಗಿದ್ದೀತು? ವೇಳಾಪಟ್ಟಿ ನಾಲ್ಕು ಸಲ ಬದಲಾಯಿತು. ಇಲ್ಲಿ ಬೆಳಗಿನದೊಂದು, ಮಧ್ಯಾಹ್ನದ್ದೊಂದು ಎಂದು ಎರಡು ಪಾಳಿ. ಐದನೇ ತಾರೀಕು ಎರಡೂ ಪಾಳಿಯ ನಾನೂರ ಹತ್ತು ಮಕ್ಕಳು ಬೆಳಿಗ್ಗೆಯೇ ಬಂದು ನಿಂತರು. ಗೂಟ ಸಾಲದೆ ಉಳಿದ ಐವತ್ತಕ್ಕೂ ಹೆಚ್ಚು ಕೋಟುಗಳನ್ನು ಹೊತ್ತುಕೊಂಡು ಜೂರಾಕಾನ್ ಎಲ್ಲಿಡಲಿ ಎಂದು ತಿರುಗಿದ್ದೇ ತಿರುಗಿದ್ದು. ಬಿಳಿ ಅಂಗಿ ಕಡ್ಡಾಯವೋ ಹಬ್ಬದ ದಿನಕ್ಕೆ ಮಾತ್ರವೋ, ಫೋನು ಪೆಟ್ಟಿಗೆಯಲ್ಲಿ ಹಾಕಬೇಕೋ ಮನೆಯಲ್ಲೇ ಬಿಡಬೇಕೋ, ಒಳಗೆ ಹಾಕಿಕೊಳ್ಳುವ ಚಪ್ಪಲಿ ಕಪ್ಪಗಿರಬೇಕೋ ಬೇಡವೋ, ಯಾರಿಗೂ ತಲೆಬುಡ ತಿಳಿಯದು. ಮಕ್ಕಳು ಮೇಷ್ಟರನ್ನು ಕೇಳುತ್ತಾರೆ, ಮೇಷ್ಟರು ಕೋಟು ಕೊಡುವಾಗ ಜೂರಾಕಾನ್ ಅವರನ್ನು ಕೇಳುತ್ತಾರೆ.

"ನನಗೇನು ಗೊತ್ತು ಹೇಳಿ? ನಾನು ಕೋಟು ನೋಡ್ಕೊಳ್ಳೋಳು," ಎಂದು ಅವರು ನಗುತ್ತಾರೆ. "ಆದ್ರೆ ಗೊತ್ತಿಲ್ಲ ಅಂದ್ರೆ ಮಗು ಮುಖ ಸಣ್ಣ ಮಾಡ್ಕೊಳ್ಳುತ್ತೆ. ಅದಕ್ಕೆ ಏನೋ ಒಂದು ಹೇಳಿ ಕಳಿಸ್ತೀನಿ. ಅರ್ಧಕ್ಕರ್ಧ ಸರಿ ಇರುತ್ತೆ."

ಇದು ಸಾಲದೆಂಬಂತೆ ಈ ವರ್ಷ ಉಪಮುಖ್ಯೋಪಾಧ್ಯಾಯ ಶಾರ್ಶೆನ್ ಅವರಿಗೆ ಒಂದು ಹೊಸ ಉಪಾಯ ಹೊಳೆಯಿತು. ಹೊಸ ವರ್ಷದಲ್ಲಿ ಮಕ್ಕಳಿಗೆ ಏನೇನು ಅವಕಾಶ ಇದೆಯೋ ಅದಕ್ಕೆಲ್ಲ ಹೆಸರು ಬರೆಸುವ ಪುಸ್ತಕಗಳನ್ನು ಕೋಟಿನ ಕೋಣೆಯ ಕಟ್ಟೆಯ ಮೇಲೆ ಇಟ್ಟುಬಿಡುವುದು. ದಿನಕ್ಕೆ ಎರಡು ಸಲ ಎಲ್ಲ ಮಕ್ಕಳೂ ಹಾದುಹೋಗುವ ಜಾಗ ಅದೊಂದೇ ತಾನೇ. ಹೀಗೆ ಚದುರಂಗ, ವಾಲಿಬಾಲ್, ಕೊಮುಜ್ ವಾದನ, ಚರ್ಚಾಕೂಟಗಳಿಗೆ ಒಂದೊಂದು ಪುಸ್ತಕ ಬಂತು. ಐದನೆಯದು ನೀಲಿ ರಟ್ಟಿನದು. ರಾಜಧಾನಿಯ ಗಣಿತ ವಿಜ್ಞಾನ ಶಾಲೆಯ ಪ್ರವೇಶ ಪರೀಕ್ಷೆಗೆ ಹೆಸರು ಕೊಡುವವರಿಗೆ. ಪಾಸಾದರೆ ಊಟ ವಸತಿ ಎಲ್ಲ ಅಲ್ಲೇ. ಒಂಬತ್ತನೇ ತರಗತಿಯವರಿಗೆ ಮಾತ್ರ, ಬದುಕಿನಲ್ಲಿ ಒಂದೇ ಸಲ.

"ಐದು ಪುಸ್ತಕ, ಒಂದೇ ಪೆನ್ಸಿಲ್ಲು, ಅದಕ್ಕೂ ದಾರ ಕಟ್ಟಿದಾರೆ," ಎನ್ನುತ್ತಾರೆ ಜೂರಾಕಾನ್. "ಹುಡುಗರು ಚದುರಂಗ ಅಂದ್ಕೊಂಡು ಕೊಮುಜ್‌ಗೆ ಹೆಸರು ಬರೆದು ಹೋಗ್ತಾರೆ. ಕೊಮುಜ್ ಮೇಷ್ಟ್ರು ಖುಷಿಯಾಗಿ ಓಡಾಡ್ತಿದ್ರು, ಈ ವರ್ಷ ನಲವತ್ತು ಮಕ್ಕಳು ಅಂತ. ನಾನು ಬಾಯಿ ಬಿಡಲಿಲ್ಲ."

ನೀಲಿ ಪುಸ್ತಕದ ಮೇಲೆ ಮಾತ್ರ ಅವರಿಗೆ ಮೊದಲ ದಿನದಿಂದ ಕಣ್ಣು. ಕಳೆದ ಮೇ ತಿಂಗಳಲ್ಲಿ, ಶಾಲೆಯ ಕೊನೆಯ ದಿನ, ಕೋಟು ಪಡೆಯಲು ಬಂದ ಹುಡುಗಿಯೊಬ್ಬಳು ಕಟ್ಟೆಯ ಮೇಲೆ ಮೊಣಕೈ ಊರಿ ಹೇಳಿದ್ದಳು: "ಎಜೆ, ಆ ಪರೀಕ್ಷೆಯ ಪಟ್ಟಿ ಬಂದ್ರೆ ನನ್ನ ಹೆಸರೂ ಬರೆದುಬಿಡಿ. ನಾವು ಹುಲ್ಲುಗಾವಲಿನಿಂದ ಇಳಿಯೋದು ತಡ ಆಗುತ್ತೆ. ಅಪ್ಪ ಕುರಿ ಬಿಟ್ಟು ಕಳಿಸಲ್ಲ." ಬರೆಯುತ್ತೇನೆ ಎಂದು ಜೂರಾಕಾನ್ ಮಾತು ಕೊಟ್ಟಿದ್ದರು. ಇಲ್ಲಿ ಭೌತಶಾಸ್ತ್ರಕ್ಕೆ ಮೇಷ್ಟರೇ ಇಲ್ಲ, ಪಾಠ ಮಾಡುವುದು ವಾಲಿಬಾಲ್ ಆಡಿಸುವ ಕುಬಾತ್. ಅಂಥದ್ದರಲ್ಲಿ ಈ ಹುಡುಗಿ ಹಳೆಯ ರೇಡಿಯೊ ಬಿಚ್ಚಿ ಜೋಡಿಸಿ, ಬೆಟ್ಟದ ಮೇಲೆ ಕುರಿ ಕಾಯುತ್ತ ಲೆಕ್ಕ ಬಿಡಿಸುವವಳು. ಅವಳಿಗೆ ಈ ಬಾಗಿಲು ತಪ್ಪಿದರೆ ಬೇರೆ ಬಾಗಿಲಿಲ್ಲ.

ಹುಡುಗಿಯ ಹೆಸರು ಬೂಬೂಸಾರಾ. ಬರೆಯಲು ನಮಗೇನೂ ಅಡ್ಡಿಯಿಲ್ಲ. ಜೂರಾಕಾನ್ ಅವರಿಗೆ ಇದೆ, ಏಕೆಂದರೆ ಅದು ಅವರ ಅತ್ತೆಯ ಹೆಸರು.

ಇಪ್ಪತ್ತೊಂಬತ್ತು ವರ್ಷದ ಹಿಂದೆ ಕಣಿವೆಯಾಚೆಯ ಹಳ್ಳಿಯಿಂದ ಬಿಳಿ ತಲೆವಸ್ತ್ರ ಹೊದ್ದು ಸೊಸೆಯಾಗಿ ಬಂದ ದಿನದಿಂದ ಮಾವ, ಅತ್ತೆ, ಭಾವಂದಿರು ಯಾರ ಹೆಸರನ್ನೂ ಅವರು ಬಾಯಲ್ಲಿ ತಂದಿಲ್ಲ. ಹಳೆ ಕಾಲದ ಸೊಸೆಯರ ನಡೆ ಅದು. ಈಗಿನವರು ನಗುತ್ತಾರೆ. "ಯಾರೂ ಬೆದರಿಸಿ ಕಲಿಸಿದ್ದಲ್ಲ," ಎನ್ನುತ್ತಾರೆ ಅವರು. "ಗಂಡ ಹೋದ ಮೇಲೆ ಈ ಕೆಲಸ ಹಿಡಿದೆ. ಮಗ ಆಗ ಆರು ವರ್ಷದೋನು. ನಾನು ಇಲ್ಲಿ ಗಂಟೆ ಬಾರಿಸ್ತಿದ್ರೆ ಮನೇಲಿ ಅವನಿಗೆ ಉಣ್ಸಿ, ಬರೆಸಿ, ದೊಡ್ಡೋನ್ ಮಾಡಿದ್ದು ಅತ್ತೆ. ಅವರ ಹೆಸರು ನನ್ನ ಬಾಯಿಗೆ ಹೇಗೆ ಬರುತ್ತೆ?" ಅತ್ತೆಗೆ ಈಗ ಎಂಬತ್ತಾರು. ಇಬ್ಬರೂ ಒಂದೇ ಸೂರಿನಡಿ ಇದ್ದಾರೆ.

ಹಾಗಾಗಿ ಶಾಲೆಯ ಬೂಬೂಸಾರಾಳನ್ನು ಅವರು ಐದನೇ ತರಗತಿಯಿಂದ ಕರೆಯುವುದೇ "ಅತ್ತೆ" ಎಂದು. ಹುಡುಗಿಯೂ ಕಡಿಮೆಯವಳಲ್ಲ.

"ಅತ್ತೆ, ಟೋಪಿ ಮರೆತು ಹೋಗ್ತಿದೀಯ."

"ಏನ್ ಸೊಸೆ ನೀನು, ತಂದು ಕೊಡಬಾರದಾ?"

ಸರಿ, ಸೆಪ್ಟೆಂಬರ್ ಒಂಬತ್ತು, ಶುಕ್ರವಾರ ಬಂತು. ನೀಲಿ ಪುಸ್ತಕಕ್ಕೆ ಅಂದೇ ಕೊನೆ. ಹುಡುಗಿ ಇನ್ನೂ ಬೆಟ್ಟದ ಮೇಲೇ ಇದ್ದಾಳೆ, ಅಲ್ಲಿ ಫೋನೂ ಸಿಗದು. ಬರೆಯುವುದೂ ಹೇಳಿದಂತೆಯೇ ಅಲ್ಲವೇ ಎಂದು ಬೆಳಗಿನಿಂದ ಒದ್ದಾಡಿದ ಜೂರಾಕಾನ್ ಹನ್ನೆರಡೂವರೆಗೆ ಪೆನ್ಸಿಲ್ ಹಿಡಿದೇಬಿಟ್ಟರು. ಮೊದಲ ಅಕ್ಷರ ಬರೆದರು, ಕೈ ನಿಂತಿತು, ಅಳಿಸಿದರು. ಮತ್ತೆ ಬರೆದರು, ಮತ್ತೆ ಅಳಿಸಿದರು. ಕಾಗದ ಹರಿಯುವುದೊಂದು ಬಾಕಿ. ಅಷ್ಟರಲ್ಲಿ ವಾಲಿಬಾಲ್ ಕುಬಾತ್ ತಮ್ಮ ಕೋಟಿಗಾಗಿ ಬಂದರು.

"ತಮ್ಮಾ, ಒಂದು ಹೆಸರು ಬರೆದುಕೊಡಪ್ಪ."

"ಯಾರದು ಎಜೆ?"

"ಒಂಬತ್ತನೇ ಬಿ. ಎತ್ತರದ ಹುಡುಗಿ. ಹುಲ್ಲುಗಾವಲಿನ ಕಡೆಯವಳು. ಕಂದು ಕೋಟು."

"ಆ, ಗೊತ್ತಾಯ್ತು ಬಿಡಿ," ಎಂದು ಕುಬಾತ್ ಸರಸರನೆ ಗೀಚಿ ಓಡಿದರು. ಅದೇ ಕ್ಷಣಕ್ಕೆ ಮಧ್ಯಾಹ್ನದ ಪಾಳಿಯ ಮಕ್ಕಳು ನುಗ್ಗಿದರು. ಅದೇ ಕ್ಷಣಕ್ಕೆ ಶಾರ್ಶೆನ್ ಕೂಡ ಬಂದು ನೀಲಿ ಪುಸ್ತಕ ಎತ್ತಿಕೊಂಡು ಜಿಲ್ಲಾ ಕಚೇರಿಯ ಕಾರು ಹತ್ತಿದರು. ಮಾತು ಉಳಿಸಿಕೊಂಡೆ ಎಂದು ಜೂರಾಕಾನ್ ಆ ಸಂಜೆ ನೆಮ್ಮದಿಯಾಗಿ ಚಹಾ ಕುಡಿದರು.

ಎತ್ತರದ ಹುಡುಗಿ ಎಂದರೆ ವಾಲಿಬಾಲ್ ಮೇಷ್ಟರ ತಲೆಯಲ್ಲಿ ಇರುವವಳು ಒಬ್ಬಳೇ, ಅವರ ತಂಡದ ತಾಜಾಗುಲ್. ಅವಳೂ ಒಂಬತ್ತನೇ ಬಿ, ಅವಳ ಅಜ್ಜನೂ ಕುರಿಗಾರ, ಅವಳದೂ ಕಂದು ಕೋಟು. ಮುಂದಿನ ವಾರ ಮೇಲಿನ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ತನ್ನ ಹೆಸರು ಕಂಡ ತಾಜಾಗುಲ್ ಕಕ್ಕಾಬಿಕ್ಕಿಯಾದಳು. ಅವಳ ಅಪ್ಪ ಇನ್ನೂ ಕಕ್ಕಾಬಿಕ್ಕಿಯಾದರು. ಗಣಿತದಲ್ಲಿ ಎಂದೂ ಐದಕ್ಕೆ ಮೂರಕ್ಕಿಂತ ಹೆಚ್ಚು ಅಂಕ ತಾರದ ಮಗಳಲ್ಲಿ ಶಾಲೆ ಏನೋ ಕಂಡಿದೆ ಎಂದು ಊರೆಲ್ಲ ಸಿಹಿ ಹಂಚಿಬಿಟ್ಟರು. ಜೂರಾಕಾನ್ ಆ ಸಿಹಿ ತಿಂದರು. ಯಾಕೆಂದು ಮಾತ್ರ ಅವರಿಗೆ ತಿಳಿಯಲಿಲ್ಲ.

ತಿಳಿದದ್ದು ಇಪ್ಪತ್ತೊಂದನೇ ತಾರೀಕು. ಅಂದು ಬೂಬೂಸಾರಾ ಮುಖವೆಲ್ಲ ಬಿಸಿಲಿಗೆ ಸುಟ್ಟುಕೊಂಡು, ಜೇಬಿನ ತುಂಬ ಕುರುತ್ ಎನ್ನುವ ಒಣ ಮೊಸರಿನ ಉಂಡೆ ತುಂಬಿಕೊಂಡು ಶಾಲೆಗೆ ಬಂದಳು. ಒಂದು ಹಿಡಿ ಕಟ್ಟೆಯ ಮೇಲೆ ಸುರಿದಳು. "ತಗೋ ಸೊಸೆ, ನಿನಗೆ." ಮೇಲೆ ಹೋಗಿ ಗೋಡೆಯ ಪಟ್ಟಿ ನೋಡಿ ಹತ್ತೇ ನಿಮಿಷದಲ್ಲಿ ಇಳಿದು ಬಂದಳು. ಅಳಲಿಲ್ಲ. "ಮರೆತುಬಿಟ್ರಾ ಎಜೆ?" ಎಂದು ಕೇಳಿದಳು ಅಷ್ಟೇ. ಸೊಸೆ ಎನ್ನಲಿಲ್ಲ.

"ಒರೆಸೋ ಬಟ್ಟೆ ಅಲ್ಲೇ ಬಿಟ್ಟು ಎದ್ದೆ," ಎನ್ನುತ್ತಾರೆ ಜೂರಾಕಾನ್. "ಬರೆಸಿದೀನಿ ಕಣೇ ಅಂದೆ. ಯಾರ ಹೆಸರು ಅಂದಳು. ಆಮೇಲೆ ಕುಬಾತ್‌ನ ಹಿಡಿದು ಕೇಳಿದ್ರೆ, ನೀವು ಹೇಳಿದ್ದು ತಾಜಾಗುಲ್ ಅಲ್ವಾ ಅಂತ ನನ್ನನ್ನೇ ಕೇಳ್ತಾನೆ."

ಶಾರ್ಶೆನ್ ಮತ್ತು ಮುಖ್ಯೋಪಾಧ್ಯಾಯರು ಇಬ್ಬರೂ ಅಂದು ಸಭೆಗೆಂದು ಹೊರಗಿದ್ದರು. ಜಿಲ್ಲೆಯ ಪಟ್ಟಿ ಅಂದೇ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ರಾಜಧಾನಿಗೆ ಹೊರಡುತ್ತದೆ, ಆಮೇಲೆ ದೇವರೇ ಬಂದರೂ ಹೆಸರು ಸೇರದು ಎಂದು ಕುಬಾತ್ ವಿಚಾರಿಸಿ ಹೇಳಿದರು. ಪಾಠಕ್ಕೆ ಹೋಗುವ ಮೊದಲು ಜಿಲ್ಲಾ ಕಚೇರಿಯ ನಂಬರು ಒತ್ತಿ ತಮ್ಮ ಫೋನನ್ನು ಜೂರಾಕಾನ್ ಕೈಗೆ ಕೊಟ್ಟರು. ಕಟ್ಟೆಯ ಆ ಕಡೆ ಹುಡುಗಿ, ಈ ಕಡೆ ಜೂರಾಕಾನ್. ಗಡಿಯಾರದಲ್ಲಿ ಹನ್ನೊಂದು ಐವತ್ತೇಳು.

ಆ ಕಡೆಯಿಂದ ಒಬ್ಬ ಹೆಂಗಸಿನ ದನಿ. ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋಗಿದೆ ಎಂದು ಜೂರಾಕಾನ್ ಹೇಳಿದರು.

"ಯಾರ ಹೆಸರು?"

"ಎತ್ತರದ ಹುಡುಗಿ ಕಣಮ್ಮ. ಲೆಕ್ಕದಲ್ಲಿ ಭಾರೀ ಚುರುಕು."

"ಎಜೆ, ನಾನು ಎತ್ತರ ಕೇಳಲಿಲ್ಲ, ಹೆಸರು ಕೇಳಿದ್ದು."

ಜೂರಾಕಾನ್ ಫೋನನ್ನು ಹುಡುಗಿಯ ಬಾಯಿಗೆ ಹಿಡಿದರು. ಹುಡುಗಿ ಹೇಳಿದಳು. ಕಚೇರಿಯವಳು ಒಪ್ಪಲಿಲ್ಲ. "ತಮ್ಮ ಹೆಸರು ತಾವೇ ಹೇಳಿಕೊಂಡು ಬೆಳಗಿನಿಂದ ಮೂವತ್ತು ಮಕ್ಕಳು ಫೋನ್ ಮಾಡಿದಾರೆ. ಪುಸ್ತಕ ಯಾರ ಸುಪರ್ದಿಲಿತ್ತೋ ಅವರು ಹೇಳಬೇಕು, ತಪ್ಪು ನಮ್ಮದು ಅಂತ. ಬೇಗ ಹೇಳಿ, ಹೊರಡಬೇಕು."

ಹನ್ನೆರಡಾಯಿತು. ಗಂಟೆ ಬಾರಿಸುವ ಹೊತ್ತು. ಹಿತ್ತಾಳೆಯ ಗಂಟೆ ಕಟ್ಟೆಯ ಮೇಲೆ ಸುಮ್ಮನೆ ಕೂತಿತ್ತು. ಇತ್ತ ಅತ್ತೆ, ಅತ್ತ ಕೊಟ್ಟ ಮಾತು. ಯಾವ ಕಡೆ ಹೆಜ್ಜೆ ಇಟ್ಟರೂ ತಪ್ಪೇ ಎನಿಸಿತಂತೆ. ಕಣ್ಣು ಮುಚ್ಚಿಕೊಂಡರು. "ಬೂಬೂಸಾರಾ," ಎಂದರು. ಆ ಕಡೆಯವಳಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದರು. ಅಕ್ಷರ ಬಿಡಿಸಿ ಹೇಳಿ ಎಂದಳು ಆ ಪುಣ್ಯಾತ್ಗಿತ್ತಿ. ಇಡೀ ಪಡಸಾಲೆಗೆ ಕೇಳುವಂತೆ ಮೂರನೇ ಸಲ ಬಿಡಿಸಿ ಹೇಳಿದರು. ಫೋನಿಟ್ಟು ಗಂಟೆ ಹಿಡಿದಾಗ ಹನ್ನೆರಡು ಗಂಟೆ ನಾಲ್ಕು ನಿಮಿಷ. ಹುಡುಗಿಯ ಪರೀಕ್ಷೆಯ ಪ್ರವೇಶ ಪತ್ರ ಮೂರು ದಿನದಲ್ಲಿ ಬಂತು.

ಪರೀಕ್ಷೆ ಅಕ್ಟೋಬರ್ ಎಂಟಕ್ಕೆ. ತಾಜಾಗುಲ್ ಕೂಡ ಹೋಗುತ್ತಾಳಂತೆ, "ಅಪ್ಪ ಸಿಹಿ ಹಂಚಿಯಾಗಿದೆ, ಈಗ ಹೋಗಲ್ಲ ಅಂದ್ರೆ ಮನೆಗೆ ಸೇರಿಸಲ್ಲ" ಎನ್ನುತ್ತಾಳೆ. ಈಗ ಇಬ್ಬರು ಎತ್ತರದ ಹುಡುಗಿಯರೂ ಸಂಜೆ ಕೋಟಿನ ಕೋಣೆಯ ಮೂಲೆಯಲ್ಲಿ ಕೂತು ಲೆಕ್ಕ ಬಿಡಿಸುತ್ತಾರೆ. ಒಬ್ಬಳು ಹೇಳಿಕೊಡುತ್ತಾಳೆ, ಇನ್ನೊಬ್ಬಳು ತಲೆ ಕೆರೆದುಕೊಳ್ಳುತ್ತಾಳೆ. ಜೂರಾಕಾನ್ ಅವರಿಗೆ ಶಾಲೆಯಿಂದ ಬೇಕಾದದ್ದು ಏನು ಎಂದು ಕೇಳಿದರೆ, ಬಹಳ ಯೋಚಿಸಿ ಇನ್ನೊಂದು ಪೆನ್ಸಿಲ್ ಎನ್ನುತ್ತಾರೆ.

ಮತ್ತೆ ಅತ್ತೆಗೆ ಏನು ಹೇಳಿದರು? ಹೆಸರು ಹೇಳಿದ ಆ ಸಂಜೆ ಸುತ್ತುದಾರಿ ಹಿಡಿದು ಮನೆಗೆ ಹೋದರಂತೆ. ಅತ್ತೆ, ಅವರ ಬಾಯಲ್ಲಿ ಅಪಾ ಅಂದರೆ ಅಮ್ಮ, ಕಿಟಕಿಯ ಪಕ್ಕ ಉಣ್ಣೆ ಬಿಡಿಸುತ್ತ ಕೂತಿದ್ದರು. ಜೂರಾಕಾನ್ ಕೋಟನ್ನೂ ತೆಗೆಯದೆ ಬಾಗಿಲಲ್ಲೇ ನಿಂತು ಹೇಳಿಬಿಟ್ಟರು.

"ಅಪಾ, ಇವತ್ತು ತಪ್ಪಾಗಿ ಹೋಯ್ತು. ನಿಮ್ಮ ಹೆಸರು ಹೇಳ್ಬಿಟ್ಟೆ. ಮೂರು ಸಲ."

ಮುದುಕಿಯ ಕೈ ನಿಂತಿತು. "ಗಟ್ಟಿಯಾಗಿ ಹೇಳಿದ್ಯಾ?"

"ಗಟ್ಟಿಯಾಗೇ. ಆ ಕಚೇರಿಯವಳಿಗೆ ಕಿವಿ ಮಂದ."

ಅತ್ತೆ ಉಣ್ಣೆಯನ್ನು ಕೆಳಗಿಟ್ಟರು. ಆಮೇಲೆ ಪಕ್ಕದ ಹಾಸು ತಟ್ಟಿ, "ಬಾ, ಇಲ್ಲಿ ಕೂತ್ಕೋ. ನಮ್ಮಕ್ಕ ಹೋಗಿ ಹನ್ನೊಂದು ವರ್ಷ ಆಯ್ತು," ಎಂದರು. "ಅವಳೊಬ್ಬಳೇ ಕರೀತಿದ್ದಿದ್ದು. ಈಗ ಎಲ್ಲರಿಗೂ ನಾನು ಅಪಾ, ಅಜ್ಜಿ. ಹೇಗೆ ಹೇಳ್ದೆ, ಒಂದ್ಸಲ ಹೇಳು ಕೇಳೋಣ."

ಹೇಳಿದಿರಾ ಎಂದರೆ ಜೂರಾಕಾನ್ ಗಂಟೆಯ ಹಿಡಿಯನ್ನು ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದ ಅಂಚಿನಿಂದ ಒರೆಸುತ್ತಾರೆ. ಪಾಠ ಮುಗಿಯಲು ಇನ್ನೂ ಎರಡು ನಿಮಿಷವಿದೆ.

"ಹೇಳ್ದೆ. ಮೆಲ್ಲಗೆ, ಒಂದೇ ಸಲ," ಎನ್ನುತ್ತಾರೆ. "ಯಾರೋ ಕರೆದ ಹಾಗೆ ಅವರು 'ಓ' ಅಂದ್ರು."