ಎರಡು ಹೊತ್ತು ಹತ್ತಿದ ಭಾವ

ನನ್ನ ಗಂಡನ ಅಣ್ಣ ಅಗ್ನಿಶಾಮಕ ಠಾಣೆಯಲ್ಲಿ ಏಣಿ ಏರುವವರು. ಹೊಗೆ ತುಂಬಿದ ಕಟ್ಟಡದೊಳಗೆ ಸಿಕ್ಕಿಕೊಂಡವರನ್ನು ಹೆಗಲ ಮೇಲೆ ಹಾಕಿಕೊಂಡು ಇಳಿಯುವ ಕೆಲಸ. ಹತ್ತೊಂಬತ್ತು ವರ್ಷದಿಂದ ಅದೇ. ನಲವತ್ತು ದಾಟಿದ ಮೇಲೆ ಹೊಟ್ಟೆ ಬಂತು, ಠಾಣೆಯವರು ‘ಗಡಿಗೆ’ ಎಂದು ಕರೆಯತೊಡಗಿದರು.

ಅವರಿಗೆ ವರ್ಷಕ್ಕೊಮ್ಮೆ ಪರೀಕ್ಷೆ. ಆಳುದ್ದದ ಮರಳಿನ ಗೊಂಬೆ ಹೊತ್ತು ನಾಲ್ಕು ಅಂತಸ್ತನ್ನು ತೊಂಬತ್ತು ಸೆಕೆಂಡಿನಲ್ಲಿ ಹತ್ತಬೇಕು. ಹೋದ ವರ್ಷ ಎರಡು ಸೆಕೆಂಡಿನಲ್ಲಿ ಬಚಾವಾಗಿದ್ದರು. ಈ ಸಲ ತಪ್ಪಿದರೆ ಫೋನ್ ಎತ್ತುವ ಕೋಣೆ.

“ಕುರ್ಚೀಲಿ ಕೂತು ‘ವಿಳಾಸ ಹೇಳಿ’ ಅನ್ನೋದು ನನ್ನ ಕೈಲಾಗಲ್ಲಮ್ಮ. ನೀನು ಓದಿದವಳು, ಏನಾದ್ರೂ ದಾರಿ ಹೇಳು” ಎಂದರು.

ಬಾಣಂತನದ ಮೈ ಕರಗಿಸಲು ಸಿಕ್ಕಸಿಕ್ಕದ್ದನ್ನೆಲ್ಲ ಓದಿದ್ದೆ. ಮಗು ಸೀನಿದರೂ ಹೆದರುವವಳಿಗೆ ಪಟ್ಟಿ ಬರೆದರೆ ಒಂದಿಷ್ಟು ಧೈರ್ಯ. ಬರೆದುಕೊಟ್ಟೆ: ದಂಡ ಇಪ್ಪತ್ತು, ಬಸ್ಕಿ ನಲವತ್ತು. ಕಾಳು, ಸೊಪ್ಪು, ಎರಡು ಮೊಟ್ಟೆ. ಸಕ್ಕರೆ, ಕರಿದದ್ದು ಬೇಡ. ಕೊನೆಯ ಸಾಲು, ‘ಮೆಟ್ಟಿಲು ಎರಡು ಹೊತ್ತು ಹತ್ತಿ.’

ಭಾವ ಒಂದಕ್ಷರ ಮೀರಲಿಲ್ಲ. “ಸೊಪ್ಪು ತಿನ್ನಿಸಿ ತಿನ್ನಿಸಿ ನನ್ನ ಗಂಡನ್ನ ಮೇಕೆ ಮಾಡಿಬಿಟ್ಟೆಯಲ್ಲೇ!” ಎಂದು ಅಕ್ಕ, ಅಂದರೆ ಭಾವನ ಹೆಂಡತಿ, ರೇಗಿಸುತ್ತಿದ್ದಳು. ಹತ್ತು ವಾರದಲ್ಲಿ ಏಳು ಕಿಲೋ ಇಳಿದರು.

ಪರೀಕ್ಷೆಗೆ ಮೂರು ದಿನವಿತ್ತು. ಮಗುವಿನ ಬಟ್ಟೆ ಒಣಹಾಕಲು ಮಹಡಿಗೆ ಹೋಗುತ್ತಿದ್ದವಳಿಗೆ ಮೆಟ್ಟಿಲ ತಿರುವಿನಲ್ಲಿ ಭಾವ ಎದುರಾದರು. ಎರಡು ಹೆಗಲ ಮೇಲೂ ತುಂಬಿದ ನೀರಿನ ಕ್ಯಾನು. ಬಲಮಂಡಿಗೆ ಬಿಗಿದು ಕಟ್ಟಿದ ಟವೆಲು.

“ಇದೇನು ಭಾವ!”

“ನೀನೇ ಬರೆದಿದ್ದೀಯಲ್ಲ, ಎರಡು ಹೊತ್ತು ಹತ್ತಿ ಅಂತ. ಏನು ಹೊರಬೇಕು ಅಂತ ಬರೆದಿರಲಿಲ್ಲ. ಮನೇಲಿ ಇದ್ದದ್ದು ಇವೇ. ದಿನಾ ನೀವೆಲ್ಲ ಏಳೋಕೆ ಮುಂಚೆ ಹತ್ತಿ ಮುಗಿಸ್ತಿದ್ದೆ, ಇವತ್ತು ತಡವಾಯ್ತು.”

“ಅಯ್ಯೋ, ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಅಂತ! ಬರಿಗೈಲಿ!”

ಹತ್ತುವಾಗ ಅವರವರ ಮೈಭಾರವೇ ಸಾಕು ಎನ್ನುವುದು ನನಗೆ ಎಷ್ಟು ಗೊತ್ತಿತ್ತೆಂದರೆ, ಬರೆಯಬೇಕೆಂದೇ ಹೊಳೆದಿರಲಿಲ್ಲ.

ಭಾವ ಕ್ಯಾನು ಇಳಿಸಿ ಗಹಗಹಿಸಿ ನಕ್ಕರು. ಟವೆಲು ಬಿಚ್ಚಿದಾಗ ನಗು ನಿಂತಿತು. ಮಂಡಿಯ ಚಿಪ್ಪು ಊತದಲ್ಲಿ ಮುಚ್ಚಿಹೋಗಿತ್ತು.

“ಡಾಕ್ಟರಿಗೆ ತೋರಿಸಿದ್ರೆ ಪರೀಕ್ಷೆಗೆ ಬಿಡಲ್ಲ. ಮೂರು ದಿನ ತಡಿ. ನಿಮ್ಮಕ್ಕಂಗೆ ಹೇಳಬೇಡ.”

ಹೇಳಲಿಲ್ಲ. ಅಕ್ಕ ಎದುರು ಬಂದಾಗಲೆಲ್ಲ ಮಗುವಿನ ಬಟ್ಟೆ ಮಡಚತೊಡಗಿದೆ, ಮಡಚಿದ್ದನ್ನೇ ಮತ್ತೆ ಬಿಚ್ಚಿ ಮಡಚಿದೆ.

ಪರೀಕ್ಷೆಯ ದಿನ ಠಾಣೆಯ ಅಂಗಳದಲ್ಲಿ ಅಕ್ಕನ ಪಕ್ಕ ಮಗುವನ್ನು ಕಂಕುಳಲ್ಲಿಟ್ಟುಕೊಂಡು ನಿಂತೆ. ಎದುರಿಗೆ ಗೋಡೆಯಿಲ್ಲದ ಮೆಟ್ಟಿಲ ಗೋಪುರ; ಏರುವವರು ಕೆಳಗಿನಿಂದಲೇ ಕಾಣುತ್ತಿದ್ದರು. ಸಾಹೇಬರು ಗಡಿಯಾರ ಒತ್ತಿದರು. ಭಾವ ಗೊಂಬೆಯನ್ನು ಹೆಗಲಿಗೇರಿಸಿ ಹೊರಟರು. ಒಂದನೆಯ ಅಂತಸ್ತು. ಎರಡನೆಯದು. ಮೂರನೆಯದರ ತಿರುವಿನಲ್ಲಿ ಬಲಗಾಲು ಕುಸಿಯಿತು. ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತರು.

“ಯಾಕೆ ನಿಂತ್ರು? ಏನಾಯ್ತು ಇವರಿಗೆ?” ಎಂದಳು ಅಕ್ಕ.

ಕ್ಯಾನು, ಮಂಡಿ, ಹೇಳಬೇಡ ಎಂದದ್ದು, ಎಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅಕ್ಕ ನನ್ನ ಮುಖ ನೋಡಲಿಲ್ಲ. “ರೀ! ಇಳಿಸ್ರೀ ಅದನ್ನ!” ಎಂದು ಕಿರುಚಿದಳು.

ಭಾವ ಮೇಲೆ ನೋಡಿದರು, ಕೆಳಗೆ ನೋಡಿದರು. ಆಮೇಲೆ ಗೊಂಬೆಯನ್ನು ನಿಧಾನವಾಗಿ ಇಳಿಸಿ, ಅದರ ತಲೆಯನ್ನು ಕಂಬಕ್ಕೆ ಒರಗಿಸಿ, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬಂದರು.

“ಇನ್ನೂ ಇಪ್ಪತ್ತೈದು ಸೆಕೆಂಡ್ ಇತ್ತಲ್ಲೋ ಗಡಿಗೆ!” ಎಂದರು ಸಾಹೇಬರು.

“ಇತ್ತು ಸಾರ್. ಆದ್ರೆ ಹೆಗಲ ಮೇಲೆ ಮನುಷ್ಯ ಇದ್ದಿದ್ರೆ ಇಬ್ರೂ ಉರುಳ್ತಿದ್ವಿ.”

ಸಾಹೇಬರು ಬರೆದುಕೊಂಡರು: ಮೂರು ತಿಂಗಳು ಫೋನಿನ ಕೋಣೆ, ಮಂಡಿ ವಾಸಿಯಾದರೆ ಮರುಪರೀಕ್ಷೆ.

“ನನ್ನ ಬರಹದಿಂದಲೇ ಹೀಗಾಯ್ತಕ್ಕ” ಎಂದೆ.

“ಬರೆದದ್ದಕ್ಕೆ ಯಾರೇ ಬೈತಾರೆ?” ಎಂದಳು ಅಕ್ಕ. “ಮೂರು ದಿನ ನನ್ನೆದುರಿಗೇ ಓಡಾಡ್ಕೊಂಡಿದ್ದೆಯಲ್ಲ, ಬಾಯಿಗೆ ಬೀಗ ಹಾಕ್ಕೊಂಡು.”

ನನ್ನ ಕಂಕುಳಿಂದ ಮಗುವನ್ನು ಎತ್ತಿಕೊಂಡು, ಕುಂಟುತ್ತಾ ಬರುತ್ತಿದ್ದ ಭಾವನ ಕಡೆಗೆ ನಡೆದಳು.